ವೆರೋನಾದಲ್ಲಿ ಕಾಯುತ್ತೇನೆ

ಮಣಿನಗರ, ಅಹಮದಾಬಾದ್
9 ಅಕ್ಟೋಬರ್ 2023

ಗಿರಿಜಕ್ಕನಿಗೆ ಸುಮತಿಯ ನಮಸ್ಕಾರ.

ಹತ್ತು ವರ್ಷದಿಂದ ನೀವು ನನ್ನ ನಂಬರ್ ಬ್ಲಾಕ್ ಮಾಡಿದ್ದೀರಿ. ಕಾಗದವನ್ನು ಹಾಗೆ ತಡೆಯಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೂ ಓದಿ ಹರಿಯಿರಿ.

ನಾನು ಯುರೋಪಿಗೆ ಹೋಗುತ್ತೇನೆ. ಟೂರ್ ಕಂಪನಿಯ ಬಸ್ಸಿನಲ್ಲಿ, ಬಾವುಟ ಹಿಡಿದವನ ಹಿಂದೆ ಅಲ್ಲ. ಬೆನ್ನಿಗೆ ಒಂದು ಚೀಲ ಹಾಕಿಕೊಂಡು, ರೈಲಿನಲ್ಲಿ, ಆರು ವಾರ. ಬರುವ ಮೇ ತಿಂಗಳಲ್ಲಿ. ನನಗೀಗ ಐವತ್ತೇಳು. ಇಪ್ಪತ್ತಾರು ವರ್ಷ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ನಿಂತಿದ್ದೇನೆ. ಈಗ ನಮ್ಮ ಯಜಮಾನರ ತಮ್ಮನ ಮಗ ಅಚ್ಯುತ ಬಂದಿದ್ದಾನೆ. ಸಾಂಬಾರನ್ನು ನನಗಿಂತ ಚೆನ್ನಾಗಿಯೇ ಮಾಡುತ್ತಾನೆ. ಇವರನ್ನು ಕೇಳಿದರೆ ಮಂಡಿ ತೋರಿಸಿ, “ನಾನ್ ಬತ್ತಿಲ್ಲೆ ಮಾರಾಯ್ತಿ, ನೀನ್ ಹೋಯ್ಕಂಡ್ ಬಾ” ಎಂದರು.

ಒಬ್ಬಳೇ ಹೋಗಲು ಹೆದರಿಕೆಯಿಲ್ಲ. ಆದರೆ ಇದು ನಿಮ್ಮದೇ ಯೋಜನೆ, ನಿಮ್ಮನ್ನು ಕೇಳದೆ ಹೇಗೆ ಹೋಗಲಿ? ವಡೋದರಾದಲ್ಲಿ, ಮಕರಪುರದ ಆ ಸಾಲುಮನೆಗಳಲ್ಲಿ ನಾವು ಅಕ್ಕಪಕ್ಕದಲ್ಲಿದ್ದಾಗ ನೀವು ಬಿ.ಎಡ್. ಪರೀಕ್ಷೆಗೆ ಓದುತ್ತಿದ್ದಿರಿ. ಗಂಡಂದಿರಿಬ್ಬರೂ ಮೋಟಾರ್ ಫ್ಯಾಕ್ಟರಿಗೆ ಹೋದ ಮೇಲೆ ಜಗಲಿಯ ತುಂಬ ರಂಗೋಲಿ ಪುಡಿಯಲ್ಲಿ ಯುರೋಪನ್ನು ಬರೆದು, ಕುಂಕುಮದಲ್ಲಿ ರೈಲು ಮಾರ್ಗ ಎಳೆಯುತ್ತಿದ್ದಿರಿ. ಎರಡು ವರ್ಷದ ನಮ್ಮ ಗಗನಾ ಪುಟುಪುಟು ಓಡಿಬಂದು ಇಟಲಿಯನ್ನು ಒರೆಸಿ ಹಾಕಿದಾಗ ನೀವು ನಕ್ಕು, “ಒಂದಿನ ಇದ್ರ ಮೇಲೆಲ್ಲಾ ರೈಲಲ್ಲಿ ಹೋಗೋಣ ಸುಮತಿ” ಎಂದಿದ್ದಿರಿ.

ಊರುಗಳ ಪಟ್ಟಿ ಜೊತೆಗಿಟ್ಟಿದ್ದೇನೆ. ನೋಡಿ.

ನಿಮ್ಮ
ಸುಮತಿ


ಉಧ್ನಾ, ಸೂರತ್
2 ನವೆಂಬರ್ 2023

ಶ್ರೀಮತಿ ಸುಮತಿ ಗೋಪಾಲಕೃಷ್ಣ ಅವರಿಗೆ,

ನಿಮ್ಮ ಕಾಗದ ತಲುಪಿತು. ನಾನು ಬರುವ ಪ್ರಶ್ನೆಯೇ ಇಲ್ಲ.

ಆದರೆ ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವಳು ಇಂಥ ಪಟ್ಟಿಯನ್ನು ತಿದ್ದದೆ ಬಿಡಲಾರಳು. ಬುಡಾಪೆಸ್ಟ್ ಬೇರೆ, ಬುಖಾರೆಸ್ಟ್ ಬೇರೆ. ನೀವು ಎರಡನ್ನೂ ಒಂದೇ ದಿನಕ್ಕೆ ಹಾಕಿದ್ದೀರಿ. ಲಂಡನ್ನಿಗೆ ಪ್ರತ್ಯೇಕ ವೀಸಾ ಬೇಕು. ಆರು ವಾರಕ್ಕೆ ಇಪ್ಪತ್ತೆರಡು ಊರು ಎಂದರೆ ನೀವು ನೋಡುವುದು ಪ್ಲಾಟ್‌ಫಾರ್ಮುಗಳನ್ನು ಮಾತ್ರ. ದಕ್ಷಿಣದಿಂದ ಉತ್ತರಕ್ಕೆ ಹೋಗಿ. ಮೇ ತಿಂಗಳಲ್ಲಿ ಇಟಲಿ, ಆಮೇಲೆ ಆಲ್ಪ್ಸ್ ದಾಟಿ ಆಸ್ಟ್ರಿಯಾ, ರೈನ್ ನದಿಯ ದಂಡೆಯ ರೈಲಿನಲ್ಲಿ ಜರ್ಮನಿ, ಕೊನೆಗೆ ಡೆನ್ಮಾರ್ಕ್. ಬೆಚ್ಚನೆಯ ಹವೆ ನಿಮ್ಮ ಜೊತೆಗೇ ಮೇಲಕ್ಕೆ ಬರುತ್ತದೆ. ಎಂಟು ಊರು ಸಾಕು.

ಇನ್ನೊಂದು ಮಾತು. ನಮ್ಮ ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಆಗ ಉಧ್ನಾಕ್ಕೆ ಬಾರದವರು ಈಗ ಯುರೋಪಿಗೆ ಕರೆಯುತ್ತಿದ್ದೀರಿ.

ಇತಿ,
ಗಿರಿಜಾ ಪಟ್ಟಾಭಿರಾಮ


ಮಣಿನಗರ
10 ನವೆಂಬರ್ 2023

ಗಿರಿಜಕ್ಕ,

ಬಂದಿದ್ದೆ. ಪಟ್ಟಾಭಿರಾಮಣ್ಣನ ಹದಿಮೂರನೆಯ ದಿನ ಉಧ್ನಾ ಸ್ಟೇಷನ್ನಿನಲ್ಲಿ ಇಳಿದೆ. ನಾಲ್ಕು ಗಂಟೆ ಬೆಂಚಿನ ಮೇಲೆ ಕೂತಿದ್ದೆ. ಮನೆಯವರೆಗೆ ಬರಲು ಮುಖವಿರಲಿಲ್ಲ. ಮುಂದಿನ ಗಾಡಿ ಹತ್ತಿ ವಾಪಸು ಹೋದೆ.

ತಪ್ಪು ನನ್ನದು, ಅದನ್ನು ನೇರವಾಗಿಯೇ ಬರೆಯುತ್ತೇನೆ. ನಮ್ಮ ಗಗನಾಗೂ ನಿಮ್ಮ ರೋಹಿತ್‌ಗೂ ಮದುವೆ ನಿಶ್ಚಯವಾದಾಗ ನನ್ನಷ್ಟು ಖುಷಿಪಟ್ಟವರು ಯಾರೂ ಇರಲಿಲ್ಲ. 2013ರ ಜನವರಿ ಇಪ್ಪತ್ತಕ್ಕೆ ಅವಳು “ಅಮ್ಮ, ನಂಗೆ ಈ ಮದುವೆ ಬೇಡ” ಎಂದಳು. ನಾನು ನಿಮಗೆ ಹೇಳಿದ್ದು ಫೆಬ್ರವರಿ ಹದಿನೈದಕ್ಕೆ, ಮದುವೆಗೆ ಎರಡೇ ದಿನ ಉಳಿದಾಗ. ಮನಸ್ಸು ತಿರುಗಬಹುದು ಎಂದು ಇಪ್ಪತ್ತಾರು ದಿನ ಬಾಯಿ ಮುಚ್ಚಿಕೊಂಡು ಕೂತೆ. ಅಷ್ಟರಲ್ಲಿ ಕುಂದಾಪುರದಿಂದ ನಿಮ್ಮ ನೆಂಟರೆಲ್ಲ ರೈಲು ಹತ್ತಿಯಾಗಿತ್ತು. ಸೂರತ್ತಿನ ಆ ಮದುವೆ ಹಾಲ್‌ನಲ್ಲಿ ನೀವು ಎಲ್ಲರೆದುರು ನನ್ನನ್ನು ಬೈದದ್ದರಲ್ಲಿ ಒಂದು ಮಾತೂ ಹೆಚ್ಚಾಗಿರಲಿಲ್ಲ.

ನೀವು ಹೇಳಿದಂತೆ ಎಂಟು ಊರು ಮಾಡಿದ್ದೇನೆ. ಬುಖಾರೆಸ್ಟನ್ನು ಬಿಟ್ಟಿದ್ದೇನೆ. ಬೆಳಿಗ್ಗೆ ಚೀಲಕ್ಕೆ ಆರು ಕಿಲೋ ತೊಗರಿಬೇಳೆ ತುಂಬಿಕೊಂಡು ಮಣಿನಗರ ಸ್ಟೇಷನ್ನಿನ ಮೇಲ್ಸೇತುವೆಯನ್ನು ಹತ್ತು ಸಲ ಹತ್ತಿ ಇಳಿಯುತ್ತೇನೆ. ಪೋರ್ಟರುಗಳು “ಬೆಹೆನ್, ಎಲ್ಲಿಗೆ ಹೋಗಬೇಕು?” ಎಂದು ದಿನವೂ ಕೇಳುತ್ತಿದ್ದವರು, ಈಗ ಕೇಳುವುದನ್ನು ಬಿಟ್ಟಿದ್ದಾರೆ.

ದೀಪಾವಳಿಯ ಶುಭಾಶಯಗಳು.

ಸುಮತಿ


ಉಧ್ನಾ
5 ಡಿಸೆಂಬರ್ 2023

ಸುಮತಿ,

ಬೇಳೆ ತುಂಬಬೇಡ. ಅದು ತಳಕ್ಕೆ ಜಾರಿ ಸೊಂಟ ಎಳೆಯುತ್ತದೆ. ಬಟ್ಟೆಯನ್ನೇ ತುಂಬು, ಭಾರದ್ದು ಬೆನ್ನಿಗೆ ತಾಗುವಂತೆ ಮೇಲಿರಲಿ. ಇದನ್ನು ನನಗೆ ಹೇಳಿದವನು ರೋಹಿತ್. ನಿನ್ನ ಎರಡು ಕಾಗದಗಳೂ ಮೇಜಿನ ಮೇಲಿದ್ದವು, ಅವನು ಓದಿದ. ಮತ್ತೆ ಮೊದಲಿನಿಂದ ಓದಿದ. ಆಮೇಲೆ, “ಹೋಗಮ್ಮ. ಸುಮತಿ ಆಂಟಿ ಜೊತೆ ಅಲ್ದೆ ಇನ್ಯಾರ ಜೊತೆ ಹೋಗ್ತೀಯಾ?” ಎಂದ. ಸೊಸೆ ಅವತ್ತೇ ಚಳಿಗೆ ಒಂದು ಜಾಕೆಟ್ ತಂದಿಟ್ಟಳು. ಸೂರತ್ತಿನ ಸೆಖೆಯಲ್ಲಿ ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತೆ.

ಆ ಬೆಂಚಿನ ವಿಷಯ ನನಗೆ ಗೊತ್ತಿರಲಿಲ್ಲ.

ಬರುತ್ತೇನೆ. ಆದರೆ ಫೋನ್ ಬೇಡ, ಕಾಗದವೇ ಇರಲಿ. ಫೋನಿನಲ್ಲಿ ನೀನು ಮಾತಾಡಿ ಗೆದ್ದುಬಿಡುತ್ತೀ. ಹಾಗೆಯೇ ಹಳೆಯ ವಿಷಯವನ್ನು ಇನ್ನು ಎತ್ತಕೂಡದು, ಇಲ್ಲಿಯೂ ಅಲ್ಲ, ಅಲ್ಲಿಯೂ ಅಲ್ಲ. ಯಾಕೆಂದು ಕೇಳಬೇಡ.

ಜನವರಿ ಹದಿನಾಲ್ಕು ಭಾನುವಾರ ಉತ್ತರಾಯಣ. ಗುಜರಾತೆಲ್ಲ ತಾರಸಿ ಮೇಲೆ ಗಾಳಿಪಟ ಹಾರಿಸುತ್ತಿರುತ್ತದೆ, ರಸ್ತೆಗಳು ಖಾಲಿ. ನೀನು ಅಲ್ಲಿಂದ, ನಾನು ಇಲ್ಲಿಂದ, ಪೂರ್ತಿ ಚೀಲ ಹೊತ್ತು ವಡೋದರಾದಲ್ಲಿ ಇಳಿಯೋಣ. ಸ್ಟೇಷನ್ನಿನಿಂದ ಮಕರಪುರದವರೆಗೆ ನಡೆಯೋಣ. ಅಷ್ಟು ನಡೆಯಲಾರದವರು ಯುರೋಪಿನ ಮಾತಾಡಬಾರದು.

ಗಿರಿಜಾ


ಉಧ್ನಾ
20 ಜನವರಿ 2024

ಸುಮತಿ,

ಎಡಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿದೆ, ಉಳಿದದ್ದೆಲ್ಲ ಸರಿ. ಬೂಟು ಅರ್ಧ ಸೈಜು ದೊಡ್ಡದು ಬೇಕು. ನಿನಗೂ ಅಷ್ಟೆ, ನೀನು ಕುಂಟುತ್ತಿದ್ದುದನ್ನು ನೋಡಿದೆ, ನೀನು ಒಪ್ಪಲಿಲ್ಲ. ಒಂಬತ್ತು ಕಿಲೋಮೀಟರಿಗೆ ಮೂರೂವರೆ ಗಂಟೆ ತೆಗೆದುಕೊಂಡೆವು. ಅದರಲ್ಲಿ ಅರ್ಧ ಗಂಟೆ ಜಿಲೇಬಿಗೆ ಹೋಯಿತು.

ನಾವಿದ್ದ ಮನೆ ಮೋಟಾರ್ ವೈಂಡಿಂಗ್ ಅಂಗಡಿ ಆದದ್ದಕ್ಕೆ ನನಗೆ ಬೇಸರವಾಗಲಿಲ್ಲ. ನಿನಗೆ ಆಯಿತು. ಜಗಲಿ ಇದ್ದ ಜಾಗದಲ್ಲಿ ತಾಮ್ರದ ತಂತಿಯ ಸುರುಳಿಗಳನ್ನು ಜೋಡಿಸಿದ್ದರಲ್ಲ, ನೀನು ಅದನ್ನೇ ನೋಡುತ್ತ ನಿಂತಿದ್ದೆ.

ಗಗನಾ ಅಲ್ಲಿಗೆ ಬರುತ್ತಾಳೆಂದು ನೀನು ಮೊದಲೇ ಹೇಳಬೇಕಿತ್ತು. ಅವಳ ಫ್ಯಾಕ್ಟರಿ ಅದೇ ಬೀದಿಯಲ್ಲಿದೆ ಎಂಬುದೂ ನನಗೆ ತಿಳಿದಿರಲಿಲ್ಲ. ಟ್ರಾನ್ಸ್‌ಫಾರ್ಮರ್ ಪರೀಕ್ಷೆ ಮಾಡುವ ಎಂಜಿನಿಯರ್, ಹಬ್ಬದ ದಿನವೂ ಪಾಳಿಯಂತೆ, ಹೆಲ್ಮೆಟ್ ಕೈಯಲ್ಲಿ ಹಿಡಿದು ಚಿಕ್ಕಿಯ ಡಬ್ಬಿ ಚಾಚಿದಳು. “ಆಂಟಿ, ರೈಲಿನ ಪಾಸ್ ನಾನು ತೆಗೀತೀನಿ. ಎರಡು ತಿಂಗಳಲ್ಲಿ ಹದಿನೈದು ದಿನ ಓಡಾಡೋದು ತಗೊಂಡ್ರೆ ಸಾಕು” ಎಂದಳು. ನಾನು ಥ್ಯಾಂಕ್ಸ್ ಎಂದೆ. ಅಷ್ಟೇ ಆಯಿತು ನನ್ನಿಂದ.

ವೀಸಾಕ್ಕೆ ನಾನು ಸೂರತ್ತಿನಲ್ಲೇ ಅರ್ಜಿ ಹಾಕುತ್ತೇನೆ. ನೀನು ಅಲ್ಲಿ ಹಾಕು.

ಗಿರಿಜಾ


ಮಣಿನಗರ
7 ಮಾರ್ಚ್ 2024

ಗಿರಿಜಕ್ಕ,

ಇವತ್ತು ವೀಸಾ ಕೇಂದ್ರಕ್ಕೆ ಹೋಗಿಬಂದೆ. ಎಲ್ಲ ಸುಸೂತ್ರ, ಬೆರಳಚ್ಚು ಒಂದನ್ನು ಬಿಟ್ಟು. ಯಂತ್ರಕ್ಕೆ ನನ್ನ ಬೆರಳೇ ಕಾಣಿಸಲಿಲ್ಲ! ಒರೆಸಿದೆ, ಒತ್ತಿದೆ, ಮತ್ತೆ ಒತ್ತಿದೆ. ಕೌಂಟರಿನ ಹುಡುಗಿ ಪಾಪ ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ನೋಡಿ, “ಆಂಟಿ, ಗೆರೆಗಳೇ ಇಲ್ಲವಲ್ಲ, ಏನು ಕೆಲಸ ಮಾಡುತ್ತೀರಿ?” ಎಂದು ಹಿಂದಿಯಲ್ಲಿ ಕೇಳಿದಳು. ದೋಸೆ ಕಾವಲಿ ಎಂದೆ. ಎಂಟನೆಯ ಸಲಕ್ಕೆ ಬಂತು.

ಅರ್ಜಿಯಲ್ಲಿ ಉದ್ಯೋಗ ಎಂಬಲ್ಲಿ ಏಜೆಂಟ್ ‘ಗೃಹಿಣಿ’ ಎಂದು ತುಂಬಿಸಿದ. ಹೋಟೆಲು ಇವರ ಹೆಸರಿನಲ್ಲಿದೆ, ನನ್ನ ಹೆಸರಿನ ಕಾಗದ ಯಾವುದೂ ಇಲ್ಲ. ಅವನು ಹೇಳಿದ್ದು ಸರಿಯೇ ಇರಬೇಕು ಎಂದು ಸಹಿ ಹಾಕಿದೆ.

ಸುಮತಿ


ಮಣಿನಗರ
27 ಮಾರ್ಚ್ 2024, ಮಧ್ಯಾಹ್ನ

ಗಿರಿಜಕ್ಕ,

ಹನ್ನೊಂದೂವರೆಗೆ ಪಾಸ್‌ಪೋರ್ಟ್ ಬಂತು. ವೀಸಾ ಕೊಟ್ಟಿಲ್ಲ. ಈಗ ಹನ್ನೆರಡೂವರೆ. ನಿಮಗೆ ಸಿಕ್ಕಿದೆ ಎಂದು ಗಗನಾ ಹೇಳಿದಳು.

ಅವರು ಕೊಟ್ಟ ಕಾರಣ, ನಾನು ವಾಪಸು ಬರುತ್ತೇನೆಂದು ನಂಬಿಕೆಯಿಲ್ಲವಂತೆ. ನನಗೆ ಆದಾಯವಿಲ್ಲ, ಉದ್ಯೋಗವಿಲ್ಲ, ಇಲ್ಲಿ ನನ್ನನ್ನು ಕಟ್ಟಿಹಾಕುವಂಥದ್ದು ಏನೂ ಇಲ್ಲವಂತೆ. ಇಪ್ಪತ್ತಾರು ವರ್ಷದ ಕೆಲಸ ಬೆರಳನ್ನು ಸವೆಸಿದೆ, ಕಾಗದದ ಮೇಲೆ ಮಾತ್ರ ಎಲ್ಲೂ ಇಲ್ಲ.

ಇನ್ನೊಂದು ಅರ್ಜಿ ಹಾಕಿ, ಉತ್ತರ ಬಂದ ಮೇಲೆ ನಿಮಗೆ ಹೇಳಿದರಾಯಿತು ಎಂದು ಅಚ್ಯುತ ಹೇಳಿದ. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಆಮೇಲೆ ಪೆನ್ನು ತೆಗೆದುಕೊಂಡೆ. ಈ ಸಲ ಒಂದು ದಿನವೂ ಮುಚ್ಚಿಡುವುದಿಲ್ಲ. ಊಟದ ಹೊತ್ತಿನ ಗಿರಾಕಿಗಳು ಬಂದು ಕೂತಿದ್ದಾರೆ, ನಾನು ಸ್ಪೀಡ್ ಪೋಸ್ಟಿಗೆ ಹೊರಟೆ.

ನೀವು ನನಗಾಗಿ ನಿಲ್ಲಬೇಡಿ.

ಸುಮತಿ


ಉಧ್ನಾ
1 ಏಪ್ರಿಲ್ 2024

ಸುಮತಿ,

ನಿಲ್ಲುವುದಿಲ್ಲ. ಮೇ ಏಳಕ್ಕೆ ಹೊರಡುತ್ತೇನೆ, ಒಬ್ಬಳೇ. ನಿನ್ನ ಕಾಗದ ಓದಿ ಎರಡು ದಿನ ಅತ್ತಿತ್ತ ಓಡಾಡಿದೆ. ಅರುವತ್ತೊಂದು ವರ್ಷದಲ್ಲಿ ಒಬ್ಬಳೇ ಒಂದು ರಾತ್ರಿಯೂ ಬೇರೆ ಊರಿನಲ್ಲಿ ಉಳಿದವಳಲ್ಲ ನಾನು. ಆದರೂ ನಾನು ನಿಂತರೆ ನೀನೂ ನಿಂತುಬಿಡುತ್ತೀ, ಆಮೇಲೆ ಇಬ್ಬರೂ ಇನ್ನು ಹತ್ತು ವರ್ಷ ಅದನ್ನೇ ಹೇಳಿಕೊಂಡು ಕೂರುತ್ತೇವೆ.

ನನ್ನ ವೀಸಾ ಅರುವತ್ತು ದಿನದ್ದು. ಇಟಲಿಯಲ್ಲಿ ನಿಧಾನವಾಗಿ ಇರುತ್ತೇನೆ. ನೀನು ಮತ್ತೆ ಅರ್ಜಿ ಹಾಕು. ಹಾಕುವ ಮುನ್ನ ಗೋಪಾಲಕೃಷ್ಣರ ಹತ್ತಿರ ಕೂತು ಮಾತಾಡು. ಆ ಹೋಟೆಲು ಯಾರದ್ದೆಂದು ಕಾಗದವೂ ಹೇಳಬೇಕು. ಏಜೆಂಟನನ್ನು ಬಿಡು, ಅರ್ಜಿಯನ್ನು ಗಗನಾ ತುಂಬಲಿ.

ಗಿರಿಜಾ


ಮಣಿನಗರ
20 ಏಪ್ರಿಲ್ 2024

ಗಿರಿಜಕ್ಕ,

ಮಾತಾಡಿದೆ. ಎರಡು ಮಾತಿನಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ, ನಾಲ್ಕು ದಿನ ಹಿಡಿಯಿತು. “ನಿಂಗೆ ಎಂತ ಕಮ್ಮಿ ಮಾಡಿದ್ದೆ ನಾನ್?” ಎಂದರು ಮೊದಲು. ಕಮ್ಮಿ ಮಾಡಿಲ್ಲ, ಆದರೆ ಬರೆದಿಲ್ಲ ಎಂದೆ. ಮೂರು ದಿನ ಕೌಂಟರಿನಲ್ಲಿ ಮುಖ ಊದಿಸಿಕೊಂಡು ಕೂತರು. ನಾಲ್ಕನೆಯ ದಿನ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, “ನಡಿ, ವಕೀಲರ ಹತ್ರ ಹೋಪ” ಎಂದರು. ಈಗ ಹೋಟೆಲಿನ ಪಾಲುದಾರರು ಇಬ್ಬರು. ಹೊರಗಿನ ಬೋರ್ಡಿನಲ್ಲಿ ಮಾಲೀಕರು ಎಂಬಲ್ಲಿ ನನ್ನ ಹೆಸರನ್ನೂ ಬರೆಸಿದ್ದಾರೆ. ನಾನು ಕೇಳಿರಲಿಲ್ಲ.

ಗಗನಾ ಅರ್ಜಿ ತುಂಬಿದಳು. ಬೆರಳಚ್ಚು ಮೂರನೆಯ ಸಲಕ್ಕೇ ಬಂತು. ಹದಿನೈದು ದಿನದಿಂದ ತೆಂಗಿನೆಣ್ಣೆ ಹಚ್ಚಿ ಕಾವಲಿಯಿಂದ ದೂರವಿದ್ದೆ.

ನೀವು ಕ್ಷೇಮವಾಗಿ ಹೊರಡಿ. ನಾನು ಬಂದೇ ಬರುತ್ತೇನೆ.

ಸುಮತಿ


ಫ್ಲಾರೆನ್ಸ್
15 ಮೇ 2024

ಸುಮತಿ,

ವೀಸಾ ಬಂತು, ಇಪ್ಪತ್ತೆರಡಕ್ಕೆ ಹೊರಡುತ್ತೀ ಎಂದು ಗಗನಾ ಮೆಸೇಜ್ ಕಳಿಸಿದ್ದಾಳೆ. ಓದಿ ಬೀದಿಯಲ್ಲೇ ಜೋರಾಗಿ ನಕ್ಕೆ.

ನಾನು ಚೆನ್ನಾಗಿದ್ದೇನೆ. ರೋಮಿನಲ್ಲಿ ಎರಡನೆಯ ದಿನವೇ ತಪ್ಪು ರೈಲು ಹತ್ತಿದೆ. ಮುಕ್ಕಾಲು ಗಂಟೆಯಾದ ಮೇಲೆ ಕಿಟಕಿಯಲ್ಲಿ ಸಮುದ್ರ ಕಾಣಿಸಿತು. ಇಳಿದು, ಬೂಟು ಬಿಚ್ಚಿ, ನೀರಿನಲ್ಲಿ ಕಾಲಿಟ್ಟು, ಮುಂದಿನ ರೈಲಿಗೆ ಹಿಂದಿರುಗಿದೆ. ಹೆದರಿಕೆ ಅವತ್ತೇ ಹೋಯಿತು.

ಅಷ್ಟು ಧೈರ್ಯ ಬಂದ ಮೇಲೂ ಒಂದು ಮಾತನ್ನು ಫೋನಿನಲ್ಲಿ ಹೇಳಲಾರೆ. ಇಲ್ಲಿ ಅಹಮದಾಬಾದಿನ ಒಂದು ಟೂರ್ ಗುಂಪು ಸಿಕ್ಕಿದೆ, ನಾಳೆ ಹೊರಡುತ್ತಾರೆ. ಅವರ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ನೀನು ವಿಮಾನ ಹತ್ತುವ ಮೊದಲೇ ತಲುಪಬೇಕು.

ಹಳೆಯ ವಿಷಯ ಎತ್ತಬೇಡ ಎಂದಿದ್ದೆ. ನಿನ್ನ ತಪ್ಪನ್ನು ಮರೆಯಲು ಅಲ್ಲ, ನನ್ನದು ಹೊರಗೆ ಬಾರದಿರಲಿ ಎಂದು. ಆ ಜನವರಿಯ ಕೊನೆಯಲ್ಲಿ ರೋಹಿತ್ ನನ್ನ ಹತ್ತಿರ ಬಂದಿದ್ದ. “ಅಮ್ಮ, ಗಗನಾಗೆ ಮನಸ್ಸಿಲ್ಲ, ಅವಳೇ ನಂಗೆ ಹೇಳಿದ್ಲು. ನಂಗೂ ಅವಳು ತಂಗಿ ಥರಾನೇ. ಈಗ್ಲೇ ನಿಲ್ಸಿ” ಎಂದಿದ್ದ. ನಾನು, “ಸುಮ್ನಿರು, ಮದುವೆ ಆದ್ಮೇಲೆ ಎಲ್ಲಾ ಸರಿಹೋಗುತ್ತೆ” ಎಂದೆ. ನೀನು ಬಂದು ಹೇಳುವ ಎರಡು ವಾರ ಮೊದಲೇ ನನಗೆ ಎಲ್ಲ ಗೊತ್ತಿತ್ತು ಸುಮತಿ. ಗೊತ್ತಿದ್ದೂ ನೆಂಟರನ್ನು ರೈಲು ಹತ್ತಿಸಿದೆ. ಮದುವೆ ಹಾಲ್‌ನಲ್ಲಿ ಎಲ್ಲರೂ ನನ್ನ ಮುಖ ನೋಡಿದಾಗ ನಿನ್ನ ಕಡೆ ಕೈ ತೋರಿಸಿದೆ. ನಮ್ಮ ಯಜಮಾನರು ಹೋದಾಗಲೂ ನೀನು ಬಾರದಿದ್ದುದೇ ನನಗೆ ಅನುಕೂಲವಾಗಿತ್ತು. ನೀನು ಇಪ್ಪತ್ತಾರು ದಿನ ಸುಮ್ಮನಿದ್ದೆ. ನಾನು ಹನ್ನೊಂದು ವರ್ಷ.

ಇಪ್ಪತ್ನಾಲ್ಕನೆಯ ತಾರೀಕು ಬೆಳಿಗ್ಗೆಯಿಂದ ವೆರೋನಾ ಸ್ಟೇಷನ್ನಿನಲ್ಲಿ ಕಾಯುತ್ತೇನೆ. ನೀನು ಮಿಲಾನಿನಲ್ಲಿ ಇಳಿಯುತ್ತೀ. ನನ್ನ ಮುಖ ನೋಡುವುದು ಬೇಡ ಅನ್ನಿಸಿದರೆ ಮಿಲಾನಿನಿಂದಲೇ ಸ್ವಿಟ್ಜರ್ಲೆಂಡಿನ ಮೂಲಕ ಉತ್ತರಕ್ಕೆ ಹೋಗುವ ದಾರಿಯೂ ಇದೆ. ಒಳ್ಳೆಯ ದಾರಿ. ರೈಲುಗಳ ವೇಳೆ, ಬದಲಾಯಿಸಬೇಕಾದ ಸ್ಟೇಷನ್ನುಗಳು, ಎಲ್ಲವನ್ನೂ ಹಾಳೆಯ ಹಿಂದೆ ಬರೆದಿದ್ದೇನೆ. ನನಗಾಗಿ ನಿನ್ನ ಪ್ರವಾಸ ನಿಲ್ಲಬಾರದು.

ಗಿರಿಜಾ


ಇನ್ಸ್‌ಬ್ರುಕ್
25 ಮೇ 2024

ಪ್ರೀತಿಯ ಗಗನಾ,

ಹೊರಡುವ ಮುನ್ನ ಮೂರು ದಿನ ಎಲ್ಲರ ಮೇಲೂ ಯಾಕೆ ಸಿಡುಕುತ್ತಿದ್ದೆ ಎಂದು ನೀನು ಕೇಳಿದ್ದೆ. ಗಿರಿಜಕ್ಕನ ಕಾಗದ ಬಂದಿತ್ತು. ಅದನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ, ಅವರನ್ನು ಕೇಳಿಯೇ. ಮೊದಲು ಅದನ್ನು ಓದು.

ಓದಿದೆಯಾ? ನೀನು ರೋಹಿತ್‌ಗೆ ಹೇಳಿದ್ದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಯಾಕೆ ತಿಳಿಸಲಿಲ್ಲ ಎಂದು ಕೇಳುವುದಿಲ್ಲ. ಆಗ ನಾನು ಏನನ್ನೂ ಕೇಳಿಸಿಕೊಳ್ಳುವವಳಾಗಿರಲಿಲ್ಲ.

ಮಿಲಾನಿನ ಸ್ಟೇಷನ್ ನಮ್ಮ ಹೋಟೆಲಿರುವ ಬೀದಿಯಷ್ಟು ಉದ್ದ. ಬೋರ್ಡಿನ ಕೆಳಗೆ ನಿಂತೆ. ವೆರೋನಾದ ರೈಲು ಒಂದು ಕಡೆ, ಜ್ಯೂರಿಕ್ಕಿನದು ಇನ್ನೊಂದು ಕಡೆ, ಎರಡಕ್ಕೂ ಇಪ್ಪತ್ತು ನಿಮಿಷವಿತ್ತು. ನಿಜ ಹೇಳುತ್ತೇನೆ, ಜ್ಯೂರಿಕ್ಕಿನ ಪ್ಲಾಟ್‌ಫಾರ್ಮಿಗೆ ಹೋಗಿ ನಿಂತೂ ನಿಂತೆ. ಉಧ್ನಾದ ಆ ಬೆಂಚು ನೆನಪಾಗಿ ಸಿಟ್ಟು ಇನ್ನೂ ಏರಿತು. ಆಮೇಲೆ ಯೋಚಿಸಿದೆ. ಈ ಸಿಟ್ಟನ್ನು ಸ್ವಿಟ್ಜರ್ಲೆಂಡಿಗೆ ಹೊತ್ತುಕೊಂಡು ಹೋಗಿ ಯಾರ ಮೇಲೆ ಇಳಿಸಲಿ? ಇಳಿಸಬೇಕಾದವರು ವೆರೋನಾದಲ್ಲಿದ್ದಾರೆ. ಓಡಿಹೋಗಿ ಆ ರೈಲು ಹತ್ತಿದೆ.

ಅವರು ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಚೀಲ ಹೊತ್ತುಕೊಂಡೇ ನಿಂತಿದ್ದರು. ಮುಂದೆ ಬರಲಿಲ್ಲ. ನಾನೇ ಹೋದೆ. ಇಬ್ಬರೂ ಆಲ್ಪ್ಸ್ ದಾಟುವ ರೈಲು ಹತ್ತಿದೆವು. ಗಾಡಿ ಹೊರಟದ್ದೇ ತಡ, ನನ್ನ ಬಾಯಿ ತೆರೆಯಿತು. ಒಂದು ಗಂಟೆ ಬೈದೆ ಗಗನಾ. ನಮ್ಮ ಕುಂದಾಪುರದ ಕನ್ನಡದಲ್ಲಿ, ಒಂದೂ ಬಿಡದೆ. “ನಿಮ್ಗೆ ಗೊತ್ತಿತ್ತಲ್ದಾ? ಗೊತ್ತಿದ್ದೂ ಅಷ್ಟ್ ಜನ್ರ ಎದುರು ನನ್ನ ಮರ್ಯಾದೆ ತೆಗ್ದ್ರಿ ಅಲ್ದಾ?” ಎಂದೆ. “ಹೌದು” ಎಂದರು. ಪ್ರತಿಯೊಂದಕ್ಕೂ ಹೌದು ಎಂದರು, ಒಂದು ಸಲವೂ ಆದರೆ ಎನ್ನಲಿಲ್ಲ. ಎದುರಿನ ಸೀಟಿನ ಹೆಂಗಸು ಪುಸ್ತಕ ಮಡಚಿ ಬೇರೆ ಬೋಗಿಗೆ ಹೋದಳು. ಹೊರಗೆ ಹಿಮದ ಬೆಟ್ಟಗಳು ಬಂದು ಹೋಗುತ್ತಿದ್ದವು, ಇಬ್ಬರೂ ನೋಡಲಿಲ್ಲ.

ಟಿಕೆಟ್ ನೋಡುವವನು ಬಂದಾಗ ಸಿಟ್ಟಿನಲ್ಲಿ ಏನೇನೋ ಒತ್ತಿದೆ, ಫೋನಿನಲ್ಲಿ ಪಾಸ್ ತೆರೆಯಲಾಗಲಿಲ್ಲ. ಗಿರಿಜಕ್ಕ ನನ್ನ ಕೈಯಿಂದ ಫೋನ್ ತೆಗೆದುಕೊಂಡು ತೋರಿಸಿದರು. ವಾಪಸು ಕೊಡುವಾಗ ಅತ್ತುಬಿಟ್ಟರು. ನನಗೆ ಬೈಗುಳ ಮುಗಿದಿತ್ತು, ಹಸಿವಾಗಿತ್ತು. ಅಚ್ಯುತ ಕಟ್ಟಿಕೊಟ್ಟ ಚಟ್ನಿಪುಡಿ ತೆಗೆದೆ, ಅವರು ಬ್ರೆಡ್ ತೆಗೆದರು. ತಿಂದೆವು. ಸಿಟ್ಟು ಪೂರ್ತಿ ಹೋಗಿದೆ ಎನ್ನಲಾರೆ. ಇನ್ನೂ ಒಂದು ತಿಂಗಳು ಒಟ್ಟಿಗೇ ಇರುತ್ತೇವಲ್ಲ, ಉಳಿದದ್ದನ್ನು ದಾರಿಯಲ್ಲಿ ನೋಡಿಕೊಳ್ಳುತ್ತೇನೆ. ನಾಳೆ ಮ್ಯೂನಿಕ್.

ಅಪ್ಪನ ಮಂಡಿಗೆ ಎಣ್ಣೆ ಹಚ್ಚಲು ನೆನಪಿಸು. ಕೆಳಗೆ ಅರ್ಧ ಪುಟ ಗಿರಿಜಕ್ಕನಿಗೆ ಬಿಟ್ಟಿದ್ದೇನೆ. ಬೆಳಿಗ್ಗೆಯಿಂದ ಪೆನ್ನು ಹಿಡಿದು ಕೂತಿದ್ದಾರೆ.

ನಿನ್ನ
ಅಮ್ಮ


ಗಗನಾ,

ಅವತ್ತು ನಿನಗೆ ಇಪ್ಪತ್ನಾಲ್ಕು ವರ್ಷ. ಬೇಡ ಎನ್ನುವುದನ್ನು ನಿನ್ನಮ್ಮನಿಗೂ ಹೇಳಿದೆ, ರೋಹಿತ್‌ಗೂ ಹೇಳಿದೆ. ಹೇಳಬೇಕಾದವರಿಗೆಲ್ಲ ಸರಿಯಾದ ಹೊತ್ತಿಗೇ ಹೇಳಿದ್ದೆ. ಕೇಳಿಸಿಕೊಳ್ಳದವರು ನಾವಿಬ್ಬರು. ಆಮೇಲೆ ಊರೆಲ್ಲ ನಿನ್ನ ಮೇಲೆ ಮಾತಾಡಿತು, ನಾನೂ ಮಾತಾಡಿದೆ.

ಜೂನ್ ಇಪ್ಪತ್ತೈದಕ್ಕೆ ಅಹಮದಾಬಾದಿನಲ್ಲಿ ಇಳಿಯುತ್ತೇವೆ. ಅಲ್ಲಿಂದ ಉಧ್ನಾಕ್ಕೆ ಹೋಗುವಾಗ ವಡೋದರಾದಲ್ಲಿ ಇಳಿದು ನಿನ್ನ ಮನೆಗೆ ಬರಲೇ? ಒಂದು ಗಂಟೆ ಕೂತು ಹೋಗುತ್ತೇನೆ. ಬೇಡ ಅನ್ನಿಸಿದರೆ ಬೇಡ ಎಂದು ಬರೆ. ಈ ಸಲ ಕೇಳಿಸಿಕೊಳ್ಳುತ್ತೇನೆ.

ಗಿರಿಜಾ ಆಂಟಿ